ಮಕ್ಕಳನ್ನು ವಕೀಲಿಕೆಗೆ ಓದಿಸಬಹುದೆ?

ಪ್ರತಿ ವರ್ಷ ಪರೀಕ್ಷೆಗಳ ಫಲಿತಾಂಶ ಹೊರಬಿದ್ದು ಮುಂಗಾರಿನ ಮೊದಲ ಹನಿ ಬೀಳುವ ಹೊತ್ತಿಗೆ ಹೈದರಾಬಾದಿನ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ: ಮಕ್ಕಳಿಗೆ ಮುಂದೇನು ಓದಿಸುವುದು? ಇಂಜಿನಿಯರಿಂಗಿನ ಹೆಸರು ಎಲ್ಲಕ್ಕಿಂತ ಮೊದಲು ಬರುತ್ತದೆ; ಅದು ದಕ್ಕದಿದ್ದರೆ ಸಿ.ಎ., ಬ್ಯಾಂಕಿನ ಪರೀಕ್ಷೆ, ಮತ್ತಿನ್ನೇನೋ. ಕಾನೂನಿನ ಹೆಸರು ಬರುವುದು ಕಟ್ಟಕಡೆಗೆ, ಅದೂ ತುಸು ದನಿ ತಗ್ಗಿಸಿ. ನಮ್ಮ ಸದಸ್ಯರೊಬ್ಬರ ಮಗಳು ಬಿ.ಕಾಂ. ಮುಗಿಸಿ ಮೂರು ವರ್ಷದ ಎಲ್‌ಎಲ್.ಬಿ.ಗೆ ಸೇರುತ್ತೇನೆಂದಾಗ, ರಾಯಚೂರು ಕಡೆಯವರಾದ ಆ ಮನೆಯ ಅಜ್ಜಿ ಒಂದೇ ಮಾತಿನಲ್ಲಿ ತಳ್ಳಿಹಾಕಿದರಂತೆ: "ಸುಳ್ಳು ಹೇಳಿ ಹೊಟ್ಟಿ ಹೊರಿಯೋ ಕೆಲಸ ನಮ್ಮ ಮನಿ ಹುಡುಗಿಗೆ ಬ್ಯಾಡ." ತಂದೆತಾಯಿಗಳು ನಕ್ಕು ಸುಮ್ಮನಾದರು. ನಾವು ನಗಲಾರೆವು. ಫೀ ಎಷ್ಟು, ಕಾಲೇಜು ಎಷ್ಟು ದೂರ, ಓದಿದ ಮೇಲೆ ಸಂಪಾದನೆ ಉಂಟೆ ಎಂದು ಕೇಳುವವರು ಬೇಕಾದಷ್ಟು ಜನ. ಅದು ಮಾಡತಕ್ಕ ಕೆಲಸವೆ ಎಂದು ಕೇಳಿದವರು ಆ ಮನೆಯಲ್ಲಿ ಆಕೆ ಒಬ್ಬರೇ. ಆದ್ದರಿಂದ ಅಜ್ಜಿಯ ಆಕ್ಷೇಪಣೆಯನ್ನೇ ಎದುರಿಗಿಟ್ಟುಕೊಂಡು ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ಆಕ್ಷೇಪಣೆಯ ಹಿಂದೆ ಒಂದು ಚರಿತ್ರೆಯಿದೆ. 1956ರ ನವೆಂಬರ್ 1ರವರೆಗೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದು ರಾಜ್ಯಕ್ಕೆ ಸೇರಿದ್ದವಷ್ಟೆ. ಜಿಲ್ಲೆಯಲ್ಲಿ ಸೋತವನ ಮೇಲ್ಮನವಿ ಬರುತ್ತಿದ್ದುದು ಇದೇ ಊರಿಗೆ. ಮೂಸಿ ನದಿಯ ದಂಡೆಯ ಮೇಲೆ 1920ರಲ್ಲಿ ತೆರೆದ ಗುಮ್ಮಟಗಳ ಹೈಕೋರ್ಟಿಗೆ. ಕಚೇರಿಯ ಭಾಷೆ ಮೊದಲು ಪಾರಸಿಯಾಗಿತ್ತು, 1880ರ ದಶಕದಿಂದ ಉರ್ದುವಾಯಿತು. ಬದುವಿನ ಜಗಳ ಕನ್ನಡದಲ್ಲಿ ಹುಟ್ಟುತ್ತಿತ್ತು, ಬೈಗುಳ ಕನ್ನಡದಲ್ಲಿ, ಪಂಚರ ಬುದ್ಧಿವಾದ ಕನ್ನಡದಲ್ಲಿ. ಕಾಗದಕ್ಕಿಳಿಯುವಾಗ ಮಾತ್ರ ಅದು ಇನ್ನೊಂದು ಭಾಷೆಯಾಗುತ್ತಿತ್ತು. ರೈತ ತನಗೆ ತಿಳಿಯದ ಬರಹದ ಕೆಳಗೆ ಹೆಬ್ಬೆಟ್ಟು ಒತ್ತಿ, ಬುತ್ತಿ ಕಟ್ಟಿಕೊಂಡು, ವಾಡಿಯ ಮೇಲೆ ಹಾಯ್ದು ಬರುವ ಗಾಡಿಯಲ್ಲಿ ಇಲ್ಲಿಗೆ ಬಂದು, ವಕೀಲಸಾಹೇಬರು ಹೇಳಿದಷ್ಟನ್ನು ಕೇಳಿಕೊಂಡು ಮರಳುತ್ತಿದ್ದ. ಗೆದ್ದೆನೋ ಸೋತೆನೋ ಎಂಬುದೂ ಅವರ ಬಾಯಿಂದಲೇ ತಿಳಿಯಬೇಕು. ಖರ್ಚು ಮಾತ್ರ ಅವನಿಗೆ ತನ್ನ ಭಾಷೆಯಲ್ಲೇ ತಿಳಿಯುತ್ತಿತ್ತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕನ್ನಡನಾಡಿನ ಎಲ್ಲ ಕಡೆಯೂ ಇದೆ. ಆದರೆ ನಮ್ಮ ಮೂರು ಜಿಲ್ಲೆಗಳ ಮುದುಕರು ಅದನ್ನು ಹೇಳುವಾಗ ಬೇರೆಯೇ ಕಹಿ ಕೇಳಿಸುತ್ತದೆ.

ನಮ್ಮ ನ್ಯಾಯಾಲಯದ ಮಾತುಗಳನ್ನೇ ನೋಡಿ. ವಕೀಲ, ವಕಾಲತ್ತು, ದಾವೆ, ಫಿರ್ಯಾದಿ, ಅರ್ಜಿ, ತಕರಾರು, ಜಾಮೀನು, ಜಪ್ತಿ, ಅಮೀನ, ನಕಲು, ಕೈದಿ, ಕೊನೆಗೆ ರಾಜಿ ಕೂಡ. ಅಷ್ಟೂ ಅರಬ್ಬಿ ಪಾರಸಿಗಳ ದಾರಿಯಿಂದ ಬಂದವು. ಇಂದು ಅವೆಲ್ಲ ಅಚ್ಚಕನ್ನಡವೇ ಆಗಿಹೋಗಿವೆ. ಜಗಳವಾಡುವುದಕ್ಕೆ ನಮ್ಮಲ್ಲಿ ಸ್ವಂತ ಪದಗಳಿಗೆ ಬರವಿಲ್ಲ. ಆದರೆ ಆ ಜಗಳವನ್ನು ಕಾಗದದ ಮೇಲೆ ನಡೆಸುವ ವಿದ್ಯೆ ನಮಗೆ ಪರರ ಭಾಷೆಯಲ್ಲಿ ಬಂದಿತು, ಪರರ ಕೈಯಲ್ಲಿ ಉಳಿಯಿತು. ವಕೀಲರ ಬಗೆಗಿನ ನಮ್ಮ ಹಿರಿಯರ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳಿನ ಮೇಲಣ ಸಿಟ್ಟಲ್ಲ. ತನ್ನ ಸಂಗತಿಯನ್ನು ತಾನೇ ಓದಲಾರದವನ ಸಿಟ್ಟು ಎಂಬುದು ನಮ್ಮ ಅಭಿಪ್ರಾಯ.

ಇಷ್ಟು ಹೇಳಿಬಿಟ್ಟರೆ ಉಳಿದರ್ಧ ಆಕ್ಷೇಪಣೆ ಹಾಗೆಯೇ ನಿಲ್ಲುತ್ತದೆ. ತಪ್ಪು ಮಾಡಿದವನೆಂದು ಗೊತ್ತಿದ್ದೂ ಅವನ ಪರವಾಗಿ ನಿಂತು ಮಾತನಾಡುವುದು ಸರಿಯೆ?

ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ ಎಲ್ಲರಿಗೂ ತಿಳಿದದ್ದೇ: ತಪ್ಪು ಯಾರದೆಂದು ನಿರ್ಣಯಿಸುವವರು ನ್ಯಾಯಾಧೀಶರು, ವಕೀಲರಲ್ಲ, ಎರಡೂ ಕಡೆಯ ಮಾತು ಕೇಳದೆ ನಿರ್ಣಯವಾಗಕೂಡದು, ಆದ್ದರಿಂದ ಇಬ್ಬರಿಗೂ ಒಬ್ಬೊಬ್ಬ ಮಾತುಗಾರ ಬೇಕು. ನಮ್ಮ ಸಂವಿಧಾನದ 22ನೆಯ ಅನುಚ್ಛೇದವು ಬಂಧಿತನಾದವನಿಗೆ ತನ್ನ ಆಯ್ಕೆಯ ವಕೀಲನನ್ನು ಕಾಣುವ ಹಕ್ಕನ್ನು ಕೊಟ್ಟಿದೆ. ಭಾರತದ ವಕೀಲರ ಪರಿಷತ್ತಿನ ನಿಯಮಗಳಂತೆ, ಆಪಾದಿತನ ಅಪರಾಧದ ಬಗ್ಗೆ ವಕೀಲನ ಸ್ವಂತ ಅಭಿಪ್ರಾಯ ಏನೇ ಇದ್ದರೂ ಅವನ ರಕ್ಷಣೆಗೆ ನಿಲ್ಲುವುದು ಕರ್ತವ್ಯ. ಕೆಲವು ಊರುಗಳಲ್ಲಿ ವಕೀಲರ ಸಂಘಗಳು ಸಭೆ ಸೇರಿ, ಇಂಥ ಆಪಾದಿತನ ಪರವಾಗಿ ನಮ್ಮಲ್ಲಿ ಯಾರೂ ನಿಲ್ಲಕೂಡದೆಂದು ನಿರ್ಣಯ ಮಾಡುವುದುಂಟು. ಅಂಥ ನಿರ್ಣಯಗಳು ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಮಹಮ್ಮದ್ ರಫಿ ಎಂಬವರ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿತು.

ಸಭಾಪರ್ವವನ್ನು ನೆನೆಯೋಣ. ತುಂಬಿದ ಸಭೆಯಲ್ಲಿ ದ್ರೌಪದಿ ಕೇಳಿದ್ದು ಕಣ್ಣೀರಿನ ಪ್ರಶ್ನೆಯಷ್ಟೇ ಅಲ್ಲ, ಶುದ್ಧ ಕಾನೂನಿನ ಪ್ರಶ್ನೆ: ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರ ಉಳಿದಿತ್ತೆ? ಧರ್ಮ ಬಲ್ಲ ಭೀಷ್ಮರು ಧರ್ಮ ಸೂಕ್ಷ್ಮವೆಂದು ಜಾರಿಕೊಂಡರು. ಎದ್ದು ನಿಂತು ಅವಳ ಪರವಾಗಿ ಒಂದೊಂದೇ ಕಾರಣ ಕೊಟ್ಟು ವಾದಿಸಿದವನು ವಿಕರ್ಣ; ಎದುರುಪಕ್ಷದವನು, ದುರ್ಯೋಧನನ ತಮ್ಮ! ಅವನ ವಾದ ಗೆಲ್ಲಲಿಲ್ಲ. ಕರ್ಣ ಅವನನ್ನು ಹುಡುಗನೆಂದು ಗದರಿ ಕೂರಿಸಿದ. ಆದರೂ ಆ ಸಭೆಗೆ ಕಿಂಚಿತ್ತು ಮಾನ ಉಳಿದಿದ್ದರೆ ಅದು ವಿಕರ್ಣನಿಂದ ಮತ್ತು ವಿದುರನಿಂದ. ಪರರ ಪರವಾಗಿ ನುಡಿಯುವುದೇ ಹೀನವೆನ್ನುವವರು ಆ ಸಭೆಯಲ್ಲಿ ತಾವು ಎಲ್ಲಿ ಕುಳಿತಿರುತ್ತಿದ್ದರೆಂದು ಯೋಚಿಸಬೇಕು.

ಆದರೆ ವಿಕರ್ಣ ನಿಂತದ್ದು ನ್ಯಾಯದ ಕಡೆಗೆ, ಅದೂ ಕೂಲಿಯಿಲ್ಲದೆ. ಅಜ್ಜಿ ಹೇಳಿದ್ದು ಅನ್ಯಾಯದ ಕಡೆಗೆ ಕೂಲಿ ತೆಗೆದುಕೊಂಡು ನಿಲ್ಲುವವರ ವಿಷಯ. ಇಲ್ಲಿ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. "ಇವನು ಕದ್ದಿಲ್ಲ" ಎನ್ನುವುದು ಒಂದು ಮಾತು; "ಇವನೇ ಕದ್ದನೆಂಬುದಕ್ಕೆ ನಿಮ್ಮಲ್ಲಿ ಪುರಾವೆ ಇಲ್ಲ" ಎನ್ನುವುದು ಇನ್ನೊಂದು. ಕದ್ದವನೆಂದು ಗೊತ್ತಿದ್ದು ಮೊದಲನೆಯದನ್ನು ಹೇಳಿದರೆ ಅದು ಸುಳ್ಳು. ಎರಡನೆಯದು, ಅವನು ನಿಜವಾಗಿ ಕದ್ದಿದ್ದರೂ, ಪುರಾವೆ ಇಲ್ಲದಿದ್ದರೆ ಸತ್ಯವೇ. ಸರ್ಕಾರವು ಒಬ್ಬನನ್ನು ಸೆರೆಗೆ ಹಾಕುವ ಮುನ್ನ ಪುರಾವೆ ತೋರಿಸಲೇಬೇಕೆಂದು ಹಟ ಹಿಡಿಯುವವನೊಬ್ಬನು ಬೇಕು. ಕಳ್ಳನ ವಿಷಯದಲ್ಲಿ ಆ ಹಟವನ್ನು ಬಿಟ್ಟುಕೊಟ್ಟರೆ ನಾಳೆ ಕಳ್ಳನಲ್ಲದವನ ವಿಷಯದಲ್ಲಿ ಅದು ಸಿಗುವುದಿಲ್ಲ. ಸಾಕ್ಷಿಗೆ ಸುಳ್ಳು ಕಲಿಸಿಕೊಟ್ಟು ನಿಲ್ಲಿಸುವುದಂತೂ ಅಪರಾಧ. ಅದರ ಬಗ್ಗೆ ಚರ್ಚೆಯೇ ಬೇಡ.

ಕಷ್ಟವಿರುವುದು ಇವೆರಡರ ನಡುವೆ. ಒಬ್ಬ ಮುದುಕಿ ತಾನು ಕಂಡದ್ದನ್ನು ಕಂಡಹಾಗೆ ಹೇಳಿದ್ದಾಳೆ. ಆಕೆ ಹೇಳಿದ್ದು ನಿಜವೆಂದು ಆಪಾದಿತನ ವಕೀಲನಿಗೆ ಕಕ್ಷಿಗಾರನ ಬಾಯಿಂದಲೇ ತಿಳಿದಿದೆ. ಪಾಟೀಸವಾಲಿನಲ್ಲಿ ಆತ ಕೇಳುತ್ತಾನೆ: ನಿಮ್ಮ ಕನ್ನಡಕದ ನಂಬರೆಷ್ಟು? ಆ ಹೊತ್ತಿಗೆ ಬೀದಿದೀಪ ಇತ್ತೆ? ಕಳೆದ ವಾರ ನಿಮ್ಮ ಮೊಮ್ಮಗನನ್ನೇ ಗುರುತಿಸಲಿಲ್ಲವಂತೆ? ಆತ ಒಂದು ಸುಳ್ಳನ್ನೂ ಆಡಿಲ್ಲ, ಬರಿಯ ಪ್ರಶ್ನೆ ಕೇಳಿದ್ದಾನೆ. ಆದರೂ ಕೇಳಿದವರ ಮನಸ್ಸಿನಲ್ಲಿ ಒಂದು ಸುಳ್ಳು ನೆಟ್ಟಿತು. ನಿಯಮ ಇದಕ್ಕೆ ಅವಕಾಶ ಕೊಡುತ್ತದೆ. ಕೊಡದಿದ್ದರೆ ವಕೀಲನೇ ನ್ಯಾಯಾಧೀಶನಿಗಿಂತ ಮೊದಲು ತೀರ್ಪು ಕೊಟ್ಟಂತಾಗುತ್ತದೆ ಎಂಬ ವಾದವೂ ಹುರುಳಿಲ್ಲದ್ದಲ್ಲ. ಹಾಗಿದ್ದರೂ ಇಲ್ಲಿ ನಮ್ಮ ಮತ ಅಜ್ಜಿಯ ಕಡೆಗೆ. ಬೀದಿದೀಪ ಇತ್ತೆ ಎಂದು ಕೇಳಲಿ, ಅದು ಪುರಾವೆಯ ಪ್ರಶ್ನೆ. ನಿಜ ಹೇಳಿದವಳೆಂದು ಬಲ್ಲವನು ಆಕೆಯನ್ನು ಮರುಳಿಯೆಂದು ತೋರಿಸಿ ಗೆದ್ದರೆ ಆ ಗೆಲುವು ಊಟದ ತಟ್ಟೆಯವರೆಗೂ ಹಿಂದೆ ಬರುತ್ತದೆ. ಪರಿಷತ್ತಿನ ನಿಯಮಗಳೇ, ವಕೀಲನು ತನ್ನನ್ನು ಕಕ್ಷಿಗಾರನ ಬಾಯಿ ಮಾತ್ರವೆಂದು ಭಾವಿಸಕೂಡದು ಎಂಬ ಅರ್ಥದ ಮಾತನ್ನು ಹೇಳುತ್ತವೆ. ಗೆದ್ದ ಆಸ್ತಿಯಲ್ಲಿ ಪಾಲು ಕೇಳಕೂಡದೆಂದೂ ಹೇಳುತ್ತವೆ. ಗೆಲುವಿನ ಮೇಲೆ ಆಸೆ ಹೆಚ್ಚಿದಷ್ಟೂ ಮುದುಕಿಯ ಮೇಲಿನ ಕನಿಕರ ಕಡಮೆಯಾಗುತ್ತದೆಂದು ನಿಯಮ ಮಾಡಿದವರಿಗೆ ಗೊತ್ತಿದ್ದಿರಬೇಕು.

ಗಾಂಧೀಜಿಯವರ ಮಾತನ್ನು ಎತ್ತದೆ ಈ ಪ್ರಶ್ನೆ ಮುಗಿಯುವಂತಿಲ್ಲ. 1909ರಲ್ಲಿ ಬರೆದ ಹಿಂದ್ ಸ್ವರಾಜ್ ಪುಸ್ತಕದಲ್ಲಿ ಅವರು ವಕೀಲರನ್ನು ಬಹಳ ಕಟುವಾಗಿ ಟೀಕಿಸಿದ್ದಾರೆ. ತಾವೇ ದಕ್ಷಿಣ ಆಫ್ರಿಕೆಯಲ್ಲಿ ವರ್ಷಗಟ್ಟಲೆ ವಕೀಲಿಕೆ ನಡೆಸಿದ್ದವರು! ಅವರನ್ನು ಅಲ್ಲಿಗೆ ಕರೆದೊಯ್ದ ದಾದಾ ಅಬ್ದುಲ್ಲಾ ಮೊಕದ್ದಮೆಯಲ್ಲಿ ಅವರು ಎರಡೂ ಕಡೆಯವರನ್ನು ಪಂಚಾಯಿತಿಗೆ ಒಪ್ಪಿಸಿ, ಸೋತವನು ದಿವಾಳಿಯಾಗದಂತೆ ಕಂತಿನಲ್ಲಿ ಹಣ ಕೊಡುವ ಏರ್ಪಾಡು ಮಾಡಿಸಿದರು. ಅತ್ಯಂತ ಮನೋಹರವಾದ ಸಂಗತಿ. ಆದರೆ ಅಲ್ಲಿ ಜಗಳವಾಡಿದವರು ಇಬ್ಬರೂ ಸಿರಿವಂತ ವರ್ತಕರು, ಇಬ್ಬರೂ ಬಂಧುಗಳು. ಇಬ್ಬರು ಸಮಾನರ ನಡುವಿನ ರಾಜಿ ಧರ್ಮ. ಗುತ್ತಿಗೆದಾರನಿಗೂ ಅವನ ಕೂಲಿಯವನಿಗೂ ನಡುವಿನ ರಾಜಿ ಅನೇಕ ವೇಳೆ ಕೂಲಿಯವನು ಸೋತ ಕಾಗದ. ನಮ್ಮ ಕಾಲದ ಲೋಕ ಅದಾಲತ್ತಿನಲ್ಲಿ ಆಗುವ ರಾಜಿಯು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನ, ಅದರ ಮೇಲೆ ಅಪೀಲಿಲ್ಲ. ಅಲ್ಲಿ ಸಹಿ ಹಾಕುವವನ ಪಕ್ಕದಲ್ಲಿ ಕಾಗದವನ್ನು ಅವನ ಮಾತಿನಲ್ಲಿ ಬಿಡಿಸಿ ಹೇಳುವವನೊಬ್ಬ ಇರಬೇಕಾಗುತ್ತದೆ. ವಕೀಲರೇ ಬೇಡವೆಂಬ ಲೋಕದಲ್ಲಿ ಬಲಿಷ್ಠನಿಗೆ ಏನೂ ನಷ್ಟವಿಲ್ಲ.

ನಮ್ಮ ಹಿಂದಿನವರು ಇದನ್ನು ಯೋಚಿಸಿರಲಿಲ್ಲವೆಂದಲ್ಲ. ಹೈದರಾಬಾದಿನಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿಯಲ್ಲಿರುವ ಬಸವಕಲ್ಯಾಣ, ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದಾಗ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ. ವ್ಯವಹಾರಕ್ಕೆ, ಎಂದರೆ ವ್ಯಾಜ್ಯಕ್ಕೆ, ನಾಲ್ಕು ಪಾದಗಳೆಂಬುದು ಅಲ್ಲಿನ ಲೆಕ್ಕ: ದೂರು, ಉತ್ತರ, ಪ್ರಮಾಣ, ನಿರ್ಣಯ. ಎರಡನೆಯ ಪಾದವಿಲ್ಲದೆ ನಾಲ್ಕನೆಯದು ಊರುವುದಿಲ್ಲ. ಕನ್ನಡದ ನೆಲದಲ್ಲಿ ಬರೆದ ಆ ಗ್ರಂಥ ಬಂಗಾಳದ ಕಡೆಯೊಂದನ್ನು ಬಿಟ್ಟು ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯನ್ನು ಆಳಿತು. ಅದನ್ನು ತಿದ್ದಿದ ಕತೆಯೂ ನಮ್ಮಂಥ ಎರಡು ನಾಡಿನ ಕುಟುಂಬಗಳಿಗೆ ಸಂಬಂಧಿಸಿದ್ದೇ: ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು ಎಂಬುದು ಆಂಧ್ರಪ್ರದೇಶದಲ್ಲಿ 1985ರ ಸೆಪ್ಟೆಂಬರಿನಿಂದ, ಕರ್ನಾಟಕದಲ್ಲಿ 1994ರ ಜುಲೈಯಿಂದ, ಕೇಂದ್ರದ ತಿದ್ದುಪಡಿಯಿಂದ ಇಡೀ ದೇಶಕ್ಕೆ 2005ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿತು, ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ್ದು 2020ರಲ್ಲಿ. ಜಹೀರಾಬಾದಿನಲ್ಲೊಂದು ಹೊಲ, ಬೀದರಿನಲ್ಲೊಂದು ಹೊಲ ಇರುವ ಮನೆಗಳು ನಮ್ಮಲ್ಲಿ ಇಲ್ಲವೆ? ಆ ಮನೆಗಳಲ್ಲಿ ಕಾನೂನು ಓದಿದ ಒಬ್ಬ ಮಗಳಿದ್ದರೆ ಅಣ್ಣತಮ್ಮಂದಿರ ಮುಖ ಸ್ವಲ್ಪ ಸಣ್ಣಗಾಗಬಹುದು. ಅದನ್ನು ನಾವು ನಷ್ಟವೆಂದು ಎಣಿಸುವುದಿಲ್ಲ.

ವಕೀಲರಾಗಿದ್ದು ಕನ್ನಡಕ್ಕೆ ಬೆಳಕಾದವರ ಪಟ್ಟಿ ಕೊಡುವುದು ಇಂಥ ಲೇಖನಗಳ ವಾಡಿಕೆ. ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರಾಗಿದ್ದು ಮನೆಮಾರಿ ವಚನಗಳನ್ನು ಅಚ್ಚುಹಾಕಿಸಿದರು; ಆಲೂರ ವೆಂಕಟರಾಯರು, ಹುಯಿಲಗೋಳ ನಾರಾಯಣರಾಯರು ವಕೀಲಿ ಓದಿದವರೇ. ಆದರೆ ನಾವು ಅವರನ್ನು ನೆನೆಯುವುದು ಕೋರ್ಟಿನ ಹೊರಗೆ ಅವರು ಮಾಡಿದ್ದಕ್ಕಾಗಿ. ಕೋರ್ಟಿನ ಒಳಗೆ ಪ್ರಾಮಾಣಿಕವಾಗಿ ಬಾಳಿದ ತಾಲ್ಲೂಕು ವಕೀಲನ ಹೆಸರು ಯಾರ ನಾಲಿಗೆಯ ಮೇಲೂ ಇಲ್ಲ. ಅಜ್ಜಿಗೆ ಸಮಾಧಾನ ಹೇಳಲು ಈ ಪಟ್ಟಿ ಸಾಲದು.

ಇನ್ನು ಓದಿನ ವಿಷಯ. ಹಿಂದೆ ಈ ಊರಿಗೆ ಬಂದ ನಮ್ಮವರಲ್ಲಿ ಅನೇಕರು ಬ್ಯಾಂಕು, ರೈಲ್ವೆ, ಅಕೌಂಟೆಂಟ್ ಜನರಲ್ ಕಚೇರಿಗಳಲ್ಲಿ ಹಗಲು ಕೆಲಸ ಮಾಡಿ ಸಂಜೆಯ ತರಗತಿಗಳಲ್ಲಿ ಕಾನೂನು ಓದಿದರು. ಊಟದ ಡಬ್ಬಿಯ ಜೊತೆ ಕಾಂಟ್ರಾಕ್ಟ್ ಕಾಯಿದೆಯ ಪುಸ್ತಕ ಚೀಲದಲ್ಲಿರುತ್ತಿತ್ತು. ಅವರಲ್ಲಿ ಕರಿ ಕೋಟು ತೊಟ್ಟವರು ಕಡಮೆ, ಏಕೆಂದರೆ ಪೂರ್ಣಕಾಲದ ಸಂಬಳದ ನೌಕರಿಯಲ್ಲಿರುವವರು ವಕೀಲಿಕೆ ಮಾಡುವಂತಿಲ್ಲ. ಆದರೂ ಆ ಓದು ವ್ಯರ್ಥವಾಯಿತೆನ್ನಲಾಗದು; ಬಡಾವಣೆಯ ಬಾಡಿಗೆ ಕರಾರು, ಸೊಸೈಟಿಯ ಬೈಲಾ, ವಿಧವೆಯೊಬ್ಬರ ಪಿಂಚಣಿಯ ಅರ್ಜಿ ಎಲ್ಲವೂ ಅವರ ಕೈಯಿಂದಲೇ ಆಗಬೇಕಾಗಿತ್ತು. 2008ರ ಕಾನೂನು ಶಿಕ್ಷಣ ನಿಯಮಗಳು ತರಗತಿಗಳನ್ನು ಬೆಳಗಿನ 8ರಿಂದ ಸಂಜೆ 7ರೊಳಗೆ ನಡೆಸಬೇಕೆಂದು ಕಟ್ಟು ಮಾಡಿದವು. ಓದು ಗಂಭೀರವಾಗಬೇಕೆಂಬುದು ಒಳ್ಳೆಯ ಉದ್ದೇಶವೇ. ದುಡಿದು ಓದುವವನಿಗೆ ಬಾಗಿಲು ಕಿರಿದಾಯಿತೆಂಬುದೂ ಅಷ್ಟೇ ನಿಜ.

ಬಾಗಿಲು ದಾಟಿದ ಮೇಲೆ ಇನ್ನೊಂದು ಹೊಸ್ತಿಲಿದೆ. ಪದವಿ ಪಡೆದವರು ರಾಜ್ಯದ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ಬಾರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನೋಂದಣಿಗೆ ಕಾಯಿದೆಯಲ್ಲಿ ಹೇಳಿದ ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡಗಳವರಿಗೆ 125. ಪರಿಷತ್ತುಗಳು ಬೇರೆ ಬೇರೆ ಹೆಸರಿನಲ್ಲಿ ಅದರ ಹತ್ತಾರು ಪಟ್ಟು ವಸೂಲು ಮಾಡುತ್ತಿದ್ದುದನ್ನು ಸರ್ವೋಚ್ಚ ನ್ಯಾಯಾಲಯ 2024ರ ಜುಲೈ 30ರಂದು ತಡೆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಪರಿಷತ್ತು, ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿಯಾದರೂ ಹಿರಿಯರು ಕೊಡಬೇಕೆಂದು ಸಲಹೆ ಮಾಡಿತು. ಸಲಹೆ, ಕಟ್ಟಳೆಯಲ್ಲ. ಅಪ್ಪನೋ ಮಾವನೋ ಹಿರಿಯ ವಕೀಲರಾಗಿರುವ ಮನೆಯ ಹುಡುಗನಿಗೆ ಮೊದಲ ನಾಲ್ಕು ವರ್ಷ ಕಾಯುವ ಶಕ್ತಿ ಇರುತ್ತದೆ. ಪರಊರಿನಿಂದ ಬಂದ ನಮ್ಮಂಥವರ ಮನೆಯ ಮಗುವಿಗೆ ಈ ಊರಿನಲ್ಲಿ ಹಿರಿಯರೂ ಇಲ್ಲ, ಊರ ಕಡೆಯಿಂದ ಬರುವ ಕಕ್ಷಿಗಾರರೂ ಇಲ್ಲ. ಹಸಿವಿನಲ್ಲಿ ಧರ್ಮಸೂಕ್ಷ್ಮವನ್ನು ವಿಚಾರಿಸುವುದು ಸುಲಭವಲ್ಲ; ಮುದುಕಿಯ ಕನ್ನಡಕದ ಪ್ರಶ್ನೆ ಕೇಳಿಯೇ ತೀರುವವನು ಬಹುಶಃ ಬಾಡಿಗೆ ಕಟ್ಟಲಾರದ ಕಿರಿಯ ವಕೀಲ. ಆದ್ದರಿಂದ ಮಗಳನ್ನು ಕಾನೂನಿಗೆ ಕಳಿಸುವ ಮನೆ, ಪದವಿಯ ಮೂರು ವರ್ಷಕ್ಕಲ್ಲ, ಆರೇಳು ವರ್ಷಕ್ಕೆ ಲೆಕ್ಕ ಹಾಕಬೇಕು. ಪ್ರಾಮಾಣಿಕತೆಗೂ ಅಷ್ಟು ಖರ್ಚು ಬರುತ್ತದೆ.

ಕರಿ ಕೋಟಿನ ಸುತ್ತ ಬೇರೆ ಕೆಲಸಗಳೂ ಇವೆ. ಅಮೆರಿಕದಲ್ಲಿ ನೆಲೆಸಿದ ನಮ್ಮ ಬಂಧುಗಳು, ಅಲ್ಲಿ ಕಮ್ಯುನಿಟಿ ಕಾಲೇಜು ಎಂಬ ಎರಡು ವರ್ಷದ ಕಾಲೇಜುಗಳಲ್ಲಿ ಪ್ಯಾರಾಲೀಗಲ್ ಎಂಬ ಓದು ಇರುವುದನ್ನು ಬಲ್ಲರು. ಆ ಓದು ಮುಗಿಸಿದವರು ವಕೀಲರ ಕೈಕೆಳಗೆ ಕಾಗದಪತ್ರ ಸಿದ್ಧಪಡಿಸಬಹುದು, ಆದರೆ ತಾವೇ ಸಲಹೆ ಕೊಡುವಂತಿಲ್ಲ, ನ್ಯಾಯಾಲಯದಲ್ಲಿ ನಿಲ್ಲುವಂತಿಲ್ಲ. ನಮ್ಮಲ್ಲಿ ಆ ಕೆಲಸ ತಲೆಮಾರುಗಳಿಂದ ವಕೀಲರ ಗುಮಾಸ್ತರದು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಅದೇ ಹೆಸರಿನ ಡಿಪ್ಲೊಮಾ ಒಂದನ್ನು ರೂಪಿಸಿತು. 2009ರಿಂದ ಕಾನೂನು ಸೇವಾ ಪ್ರಾಧಿಕಾರಗಳು ಪ್ಯಾರಾಲೀಗಲ್ ಸ್ವಯಂಸೇವಕರನ್ನು ತರಬೇತು ಮಾಡುತ್ತ ಬಂದಿವೆ. ಹೆಂಗಸರು, ಮಕ್ಕಳು, ಪರಿಶಿಷ್ಟರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರೆಂದು 1987ರ ಕಾಯಿದೆ ಹೇಳುತ್ತದೆ. ಅದನ್ನು ಅವರಿಗೆ ತಿಳಿಸುವವರಿಲ್ಲ. ಶೀಘ್ರಲಿಪಿಕಾರರು, ನೋಟರಿಗಳು, ದಸ್ತಾವೇಜು ಬರೆಯುವವರು, ಕಂಪನಿಗಳ ಕಾನೂನು ಅಧಿಕಾರಿಗಳು, ಇವರೆಲ್ಲರ ವಿಷಯ ಬರೆಯಲು ಇಲ್ಲಿ ಎಡೆಯಿಲ್ಲ. ಒಂದು ಕೆಲಸದ ಬಗ್ಗೆ ಮಾತ್ರ ನಿಂತು ಹೇಳಬೇಕೆನಿಸುತ್ತದೆ, ಅದು ದುಭಾಷಿಯದು.

ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಕಟ್ಟಡದ ಕೆಲಸಕ್ಕೆಂದು ಈ ಊರಿಗೆ ಬಂದವರಲ್ಲಿ ಕನ್ನಡ ಬಿಟ್ಟು ಬೇರೆ ಬಾರದವರು ಇದ್ದಾರೆ. ಅವರಲ್ಲೊಬ್ಬನು ನಾಮಪಲ್ಲಿಯ ಕ್ರಿಮಿನಲ್ ಕೋರ್ಟಿನಲ್ಲೋ ಎಲ್.ಬಿ. ನಗರದ ಕೋರ್ಟಿನಲ್ಲೋ ಕಟಕಟೆಯಲ್ಲಿ ನಿಂತರೆ, ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 279ನೆಯ ಕಲಮು ವಿಧಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಆ ರಕ್ಷಣೆ ಉಳಿದಿದೆ. ಹೇಳುವವರು ಯಾರು? ಈ ಊರಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ತೆಲುಗು ಬರುತ್ತದೆ, ದಖನಿ ಬರುತ್ತದೆ, ಇಂಗ್ಲಿಷ್ ಬರುತ್ತದೆ, ಮನೆಯ ಕನ್ನಡ ಬರುತ್ತದೆ. ಇಂಥ ನಾಲ್ಕು ನಾಲಿಗೆ ಬೆಂಗಳೂರಿನ ಹುಡುಗರಿಗೂ ಅಪರೂಪ.

ಆದರೆ ಅಡಿಗೆಮನೆಯ ಕನ್ನಡ ಸಾಲದು. ಒಂದು ಉದಾಹರಣೆ ನೋಡಿ. "ಅಂವಾ ಹೊಡದಾನ್ರೀ" ಎಂದು ಸಾಕ್ಷಿ ಹೇಳಿದರೆ ಕಣ್ಣಾರೆ ಕಂಡಂತೆ. "ಅಂವಾ ಹೊಡದಾನಂತ್ರೀ" ಎಂದರೆ ಯಾರೋ ಹೇಳಿದ್ದನ್ನು ಕೇಳಿದಂತೆ. ನಡುವೆ ಇರುವುದು ಒಂದು "ಅಂತ". ಕೇಳಿದ ಮಾತು ಸಾಮಾನ್ಯವಾಗಿ ಸಾಕ್ಷ್ಯವಲ್ಲ, ಕಂಡವನೇ ಬಂದು ಹೇಳಬೇಕೆಂಬುದು 1872ರ ಸಾಕ್ಷ್ಯ ಕಾಯಿದೆಯ ಕಾಲದಿಂದ ಬಂದ ನಿಯಮ. ತೆಲುಗಿನಲ್ಲಿ ಈ "ಅಂತ"ಕ್ಕೆ "ಅಟ" ಇದೆ. ಹೈದರಾಬಾದಿನ ದಖನಿಯಲ್ಲಿ "ಕತೇ" ಎನ್ನುತ್ತಾರೆ. ತೊಂದರೆ ಬರುವುದು ಮಾತು ಇಂಗ್ಲಿಷಿನಲ್ಲಿ ಬೆರಳಚ್ಚಾಗುವಾಗ. ಅವಸರದ ದುಭಾಷಿ "ಅಂತ"ವನ್ನು ನುಂಗಿದರೆ ಗಾಳಿಸುದ್ದಿ ಕಣ್ಣಿನ ಸಾಕ್ಷಿಯಾಗುತ್ತದೆ. ಒಬ್ಬನ ಏಳು ವರ್ಷ ಅದರಲ್ಲಿ ಹೋಗಬಹುದು. ಇಂಥದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಮನೆಯಲ್ಲಿ ಅಜ್ಜಿಯ ಮಾತನ್ನು ಕಿವಿಗೊಟ್ಟು ಕೇಳಿದ ಹುಡುಗಿಗೆ ಮಾತ್ರ ಅದು ಬರುತ್ತದೆ.

ಇಲ್ಲಿ ಧರ್ಮದ ಪ್ರಶ್ನೆ ವಕೀಲನದಕ್ಕೆ ತೀರ ವಿರುದ್ಧವಾಗಿ ನಿಲ್ಲುತ್ತದೆ. ವಕೀಲನು ಪಕ್ಷಪಾತಿಯಾಗಿರಬೇಕು, ಅದೇ ಅವನ ಕೆಲಸ. ದುಭಾಷಿ 1969ರ ಪ್ರಮಾಣಗಳ ಕಾಯಿದೆಯಂತೆ ಪ್ರಮಾಣವಚನ ತೆಗೆದುಕೊಂಡು ನಿಲ್ಲುತ್ತಾನೆ, ಅವನಿಗೆ ಪಕ್ಷವೇ ಇರಕೂಡದು. ಪರನಾಡಿನಲ್ಲಿ ನಮ್ಮ ಮಾತಾಡುವವನೊಬ್ಬ ಕಟಕಟೆಯಲ್ಲಿ ನಡುಗುತ್ತಿದ್ದರೆ ಅವನ ಒರಟು ಮಾತನ್ನು ಸ್ವಲ್ಪ ನಯಮಾಡೋಣ, ತಡವರಿಸಿದ್ದನ್ನು ಸ್ವಲ್ಪ ನೇರ ಮಾಡೋಣ ಎಂದು ಯಾರಿಗೆ ಅನಿಸುವುದಿಲ್ಲ? ಕನ್ನಡದ ಅಭಿಮಾನ ಆ ಹೊತ್ತಿಗೆ ಅಪಾಯಕಾರಿ. ಅವನು ತಡವರಿಸಿದ್ದರೆ ತಡವರಿಕೆಯನ್ನೇ ದಾಟಿಸಬೇಕು, ಬೈದಿದ್ದರೆ ಬೈಗುಳವನ್ನೇ. ನಮ್ಮವನೆಂದು ಒಂದು ಮಾತು ಸೇರಿಸಿದ ದುಭಾಷಿ, ನಾಳೆ ನಮ್ಮವನಲ್ಲದವನ ಮಾತಿನಿಂದ ಒಂದನ್ನು ಕಳೆಯುತ್ತಾನೆ. ಅವರವರ ಪೀಠಕ್ಕೆ ತಕ್ಕ ಸತ್ಯ ಅವರವರದು ಎಂಬ ಈ ಮಾತನ್ನು ಬಹಳ ದೂರ ಎಳೆಯಲೂಬಾರದು. ಭೀಷ್ಮರು ಕುಳಿತಿದ್ದೂ ಒಂದು ಪೀಠದ ಮೇಲೆಯೇ. ಆದರೆ ಕೆಲಸ ಹಿಡಿಯುವ ಮುನ್ನ ತಾನು ಯಾವ ಪೀಠದಲ್ಲಿ ಕೂತಿದ್ದೇನೆಂದು ತಿಳಿದಿರಲೇಬೇಕು.

ಇದರಲ್ಲಿ ನಮ್ಮಂಥ ಸಂಘಗಳಿಗೂ ಸಂಬಂಧಿಸಿದ ಒಂದು ಎಚ್ಚರಿಕೆಯ ಸಂಗತಿಯಿದೆ. ಕಕ್ಷಿಗಾರನು ವಕೀಲನಿಗೆ ಹೇಳಿದ ಗುಟ್ಟನ್ನು ಹೊರಗೆ ಹೇಳಕೂಡದೆಂಬುದು ಸಾಕ್ಷ್ಯ ಕಾಯಿದೆಯ 126ನೆಯ ಕಲಮು. ಮುಂದಿನ 127ನೆಯದು ಅದೇ ಕಟ್ಟನ್ನು ವಕೀಲನ ದುಭಾಷಿಗೂ ಗುಮಾಸ್ತನಿಗೂ ಹಾಕಿತ್ತು. 2024ರಿಂದ ಜಾರಿಯಲ್ಲಿರುವ ಸಾಕ್ಷ್ಯ ಅಧಿನಿಯಮದಲ್ಲೂ ಇದು ಇದೆ. ಮುಂದೆ ಮಾಡಲಿರುವ ಅಪರಾಧಕ್ಕೆ ಮಾತ್ರ ಈ ಮರೆ ಸಿಗದು. ಆದರೆ ಠಾಣೆಯಿಂದಲೋ ಆಸ್ಪತ್ರೆಯಿಂದಲೋ ಯಾರೋ ಫೋನು ಮಾಡಿ, ಇಲ್ಲೊಬ್ಬನಿಗೆ ಕನ್ನಡ ಬಿಟ್ಟು ಬೇರೆ ಬಾರದು, ಸಂಘದಿಂದ ಯಾರಾದರೂ ಬನ್ನಿ ಎಂದಾಗ, ಓಡಿಹೋದ ನಮ್ಮ ಸದಸ್ಯ ವಕೀಲನ ದುಭಾಷಿಯೂ ಅಲ್ಲ, ನ್ಯಾಯಾಲಯದ ದುಭಾಷಿಯೂ ಅಲ್ಲ, ಬರಿಯ ಪರಿಚಿತ. ಆ ಹುಡುಗ ತನ್ನ ಊರ ಮಾತು ಕೇಳಿದ ಸಂತೋಷದಲ್ಲಿ "ಅಣ್ಣಾರ, ಆಗಬಾರದ್ದು ಆಗಿಬಿಟ್ಟೈತ್ರೀ" ಎಂದು ಎಲ್ಲವನ್ನೂ ಕಕ್ಕಿಬಿಡುತ್ತಾನೆ. ಆ ಮಾತಿಗೆ ಯಾವ ಕಲಮಿನ ಮರೆಯೂ ಇಲ್ಲ. ನಾಳೆ ಸಾಕ್ಷಿಗೆಂದು ಸಮನ್ಸು ಬಂದರೆ ಆ ಸದಸ್ಯನು ಕೇಳಿದ್ದನ್ನು ಹೇಳಲೇಬೇಕಾಗಬಹುದು. ಮುಚ್ಚಿಟ್ಟರೆ ಸುಳ್ಳು, ಹೇಳಿದರೆ ನಂಬಿದವನಿಗೆ ದ್ರೋಹ. ಹೋಗಬಾರದೆಂದು ನಾವು ಹೇಳುತ್ತಿಲ್ಲ. ಹೋಗುವಾಗ ಉಚಿತ ಕಾನೂನು ನೆರವಿನ ವಕೀಲರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು, ಅವರ ದುಭಾಷಿಯಾಗಿಯೇ ಕೂರಬೇಕು. ಅವರು ಬರುವುದು ತಡವಾದರೆ ಆ ಹುಡುಗನಿಗೆ ಮೊದಲು ಹೇಳಬೇಕಾದ ಕನ್ನಡದ ಮಾತು, "ತಮ್ಮಾ, ವಕೀಲರು ಬರೋತನಕ ನನಗೇನೂ ಹೇಳಬ್ಯಾಡ" ಎಂಬುದು.